ಕೆನಡಿ ಬುಲೆವಾರ್ಡಿನ ನವಿಲುಗಳು, ನಮ್ಮೂರ ಕಾಲೇಜಿನ ವಾಲಿಬಾಲ್ ತಂಡ

ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿ ನಡೆಯುವ ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಗದ್ದಲದ ನಡುವೆ ಕಚೇರಿಯ ಸಹೋದ್ಯೋಗಿಯೊಬ್ಬರು, ಊಟವಾಯಿತೇ ಎಂದು ಕೇಳುವಷ್ಟು ಸಹಜವಾಗಿ, ನಾನು ಓದಿದ ಕಾಲೇಜಿನ ತಂಡ ಯಾವುದೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಲೆನಾಡಿನ ಸೆರಗಿನ ಆ ಪದವಿ ಕಾಲೇಜಿಗೆ ಒಳ್ಳೆಯ ವಾಲಿಬಾಲ್ ತಂಡವೇ ಇತ್ತು, ವಿಶ್ವವಿದ್ಯಾಲಯ ಮಟ್ಟದಲ್ಲಿ ಕಪ್ ಗೆದ್ದದ್ದೂ ಉಂಟು. ಆದರೆ ಅದರ ಅಭಿಮಾನಿ ಎಂದು ಹೇಳಿಕೊಳ್ಳುವ ಒಬ್ಬನೇ ಒಬ್ಬ ನಮ್ಮ ತರಗತಿಯಲ್ಲಿರಲಿಲ್ಲ.

ನಾನು ವಾಸವಾಗಿರುವುದು ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ. ಕರಿಬೇವಿನಿಂದ ಹಿತ್ತಾಳೆ ದೀಪದವರೆಗೆ ಎಲ್ಲವೂ ಸಿಗುವ ನ್ಯೂವರ್ಕ್ ಅವೆನ್ಯೂವಿನ ಅಂಗಡಿ ಸಾಲು ದಾಟಿ, ಕೆನಡಿ ಬುಲೆವಾರ್ಡ್ ಹಿಡಿದು ಹೋದರೆ ಸೇಂಟ್ ಪೀಟರ್ಸ್ ವಿಶ್ವವಿದ್ಯಾಲಯ ಸಿಗುತ್ತದೆ. ಜೆಸ್ಯೂಟ್ ಪಾದ್ರಿಗಳ ಈ ಸಂಸ್ಥೆಗೆ 2012ರವರೆಗೂ ಕಾಲೇಜೆಂದೇ ಹೆಸರು. ಬ್ಯಾಸ್ಕೆಟ್‌ಬಾಲ್ ತಂಡದ ಲಾಂಛನ ನವಿಲು. 2022ರ ಮಾರ್ಚಿನಲ್ಲಿ ಈ ನವಿಲುಗಳು, ಎಂಟು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕೆಂಟಕಿಯನ್ನು ಹೆಚ್ಚುವರಿ ಅವಧಿಯಲ್ಲಿ 85–79ರಿಂದ ಸೋಲಿಸಿ, ಆಮೇಲೆ ಮರ್ರೆ ಸ್ಟೇಟ್ ಮತ್ತು ಪರ್ಡ್ಯೂ ತಂಡಗಳನ್ನೂ ಮನೆಗೆ ಕಳುಹಿಸಿ, ಕೊನೆಯ ಎಂಟರ ಘಟ್ಟಕ್ಕೆ ಏರಿದವು. ಹದಿನಾರು ಶ್ರೇಯಾಂಕಗಳ ಗುಂಪಿನಲ್ಲಿ ಹದಿನೈದನೆಯದಾದ ತಂಡವೊಂದು ಅಷ್ಟು ದೂರ ಹೋದದ್ದು ಆ ಟೂರ್ನಿಯ ಇತಿಹಾಸದಲ್ಲೇ ಮೊದಲು. ಅಲ್ಲಿ ನಾರ್ತ್ ಕೆರೊಲಿನಾದ ಎದುರು ಇಪ್ಪತ್ತು ಅಂಕಗಳಿಂದ ಸೋತರೆಂಬುದು ಬೇರೆ ಮಾತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗೆಲುವಲ್ಲ, ಯಾರೂ ಟಿವಿಯಲ್ಲಿ ನೋಡದ ಸಾಧಾರಣ ಪಂದ್ಯಗಳು. ಜನವರಿಯ ಕೊರೆಯುವ ಚಳಿಯಲ್ಲಿ ರೈಡರ್‌ನಂಥ, ಹೊರಗೆ ಹೆಸರೇ ಕೇಳಿರದ ಕಾಲೇಜಿನ ಎದುರಿನ ಆಟಕ್ಕೂ ಜನ ಟಿಕೆಟ್ ಕೊಂಡು ಬರುತ್ತಾರೆ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪೆನ್ಸಿಲ್ಲಿನಲ್ಲಿ ಪ್ರತಿ ಆಟಗಾರನ ಅಂಕವನ್ನೂ ತಪ್ಪನ್ನೂ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಈ ಕಾಲೇಜಿನಲ್ಲಿ ಓದಿದವರೇ ಎಂದು ಕೇಳಿದರೆ, ಇಲ್ಲ, ಈ ಊರಿನವನು ಅಷ್ಟೇ ಎಂದರು. 1968ರಲ್ಲಿ ಇದೇ ಕಾಲೇಜು ಡ್ಯೂಕ್ ತಂಡವನ್ನು 100–71ರಿಂದ ಮಣಿಸಿದ್ದನ್ನು ಅವರು ನಿನ್ನೆ ಮೊನ್ನೆಯ ಸಂಗತಿಯೆಂಬಂತೆ ಹೇಳಿದರು.

ನಮ್ಮಲ್ಲಿ ಹೇಗಿತ್ತು ನೋಡಿ. ಅಂತರ ಕಾಲೇಜು ಪಂದ್ಯ ನಡೆಯುತ್ತಿದ್ದುದು ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ, ಬಿಸಿಲಿನಲ್ಲಿ. ನೆಟ್ಟು, ಚೆಂಡುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹುಡುಗರು ಪಿ.ಟಿ. ಮೇಷ್ಟ್ರ ಜೊತೆ ಕೆಂಪು ಬಸ್ಸು ಹತ್ತಿ ಹೋದದ್ದು, ಸಂಜೆ ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಗೆದ್ದ ಕಪ್ಪು ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರು ಸೇರುತ್ತಿತ್ತು; ಆಟಗಾರ ಮಾತ್ರ ಹಾಜರಾತಿ ಕೊಡಿಸಿಕೊಳ್ಳಲು ವಾರವಿಡೀ ಉಪನ್ಯಾಸಕರ ಹಿಂದೆ ಅಲೆಯುತ್ತಿದ್ದ. ಕಾಲೇಜೆಂದರೆ ನಮಗೆ ಊರು ಬಿಟ್ಟು ಹೋಗಲು ಬೇಕಾದ ಅಂಕಪಟ್ಟಿ ಕೊಡುವ ಜಾಗ. ಟಿ.ಸಿ. ಕೈಗೆ ಬಂದ ದಿನವೇ ಋಣ ತೀರಿತು.

ಸೋಲುವ ತಂಡವನ್ನು ಪ್ರೀತಿಸುವುದು ಕನ್ನಡಿಗನಿಗೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಈ ಸಲ ಕಪ್ ನಮ್ದೇ ಎನ್ನುತ್ತ 2008ರಿಂದ 2025ರವರೆಗೆ ಕಾದವರು ನಾವು. ಊರ ಬಯಲಲ್ಲಿ ಹೊನಲು ಬೆಳಕಿನ ಕಬಡ್ಡಿ ಎಂದರೆ ಸುತ್ತಲಿನ ಹಳ್ಳಿಗಳೇ ಬಂದು ಸೇರುತ್ತವೆ. ಹಾಗಿರುವಾಗ ಅದೇ ಊರಿನ ಕಾಲೇಜಿನ ಹುಡುಗರು ಆಡುವಾಗ ಒಂದು ನರಪಿಳ್ಳೆಯೂ ಇರುವುದಿಲ್ಲವೆಂದರೆ, ತಪ್ಪು ಜನರದ್ದಲ್ಲ, ಆಟವನ್ನು ಊರಿಗೆ ತಿಳಿಸದೆ ಮುಗಿಸಿಬಿಡುವ ಕಾಲೇಜುಗಳದ್ದು ಎಂದೇ ನನ್ನ ವಾದ. ಪಂದ್ಯವನ್ನು ಸಂಜೆ ಐದಕ್ಕಿಟ್ಟು, ಬಸ್ ನಿಲ್ದಾಣದಲ್ಲಿ ಒಂದು ಬ್ಯಾನರ್ ಕಟ್ಟಲು ಎಷ್ಟು ಖರ್ಚಾದೀತು?

ಇಲ್ಲಿಯ ಹುಳುಕನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆ ಮಾರ್ಚಿನ ಓಟ ಮುಗಿದ ಕೆಲವೇ ದಿನಗಳಲ್ಲಿ ತರಬೇತುದಾರ ಶಾಹೀನ್ ಹಾಲೋವೇ ತಾವು ಓದಿದ್ದ ಸೀಟನ್ ಹಾಲ್ ವಿಶ್ವವಿದ್ಯಾಲಯದ ತಂಡ ಸೇರಿದರು. ಒಂದು ವರ್ಷ ಆಟದಿಂದ ಹೊರಗೆ ಕೂರದೆಯೇ ಕಾಲೇಜು ಬದಲಿಸಬಹುದೆಂಬ ನಿಯಮ 2021ರಲ್ಲೇ ಬಂದಿದ್ದರಿಂದ, ಮುಖ್ಯ ಆಟಗಾರರೂ ಒಬ್ಬೊಬ್ಬರಾಗಿ ಬೇರೆ ಬೇರೆ ಕಡೆ ಹೊರಟುಹೋದರು. ಸಣ್ಣ ಕಾಲೇಜು ಬೆಳೆಸುವುದು, ದೊಡ್ಡದು ಕೊಂಡೊಯ್ಯುವುದು ಇಲ್ಲಿಯ ಕ್ರಮವೇ ಆಗಿದೆ. ನಮ್ಮ ವಾಲಿಬಾಲ್ ಹುಡುಗರು ಮೂರು ವರ್ಷವೂ ಅದೇ ಅಂಗಿ ತೊಟ್ಟು ಆಡಿದರೆಂದು ಹೆಮ್ಮೆಪಡಬಹುದಿತ್ತು. ಆದರೆ ಉಚಿತ ಹಾಸ್ಟೆಲ್, ಊಟ ಕೊಟ್ಟು ಒಳ್ಳೆಯ ಆಟಗಾರನನ್ನು ಸೆಳೆದುಕೊಳ್ಳುವ ದೊಡ್ಡ ಕಾಲೇಜುಗಳು ನಮ್ಮಲ್ಲೂ ಇವೆ, ಮತ್ತು ಆ ಬಡ ಹುಡುಗನಿಗೆ ಅದರಿಂದ ಒಳಿತೇ ಆಗುತ್ತದೆ ಎಂಬುದನ್ನು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಬೇಕು. ಹಾಗೆ ಹೋದವನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು ಮಾತ್ರ ನಮ್ಮೂರಿನಲ್ಲಿ ಯಾರೂ ಇರಲಿಲ್ಲ.