ಕೊನೇ ಬಸ್ಸಿಗೆ ಇನ್ನೂ ಹೊತ್ತಿದೆ

ಕಾರಿರುವ ಗೆಳೆಯನೊಬ್ಬ ನನ್ನನ್ನು ಆಗಾಗ ಗುಡ್ಡ ಹತ್ತೋದಕ್ಕೆ ಕರೆಯುತ್ತಾನೆ. "ಬೆಳಿಗ್ಗೆ ಆರಕ್ಕೆ ಮನೆ ಹತ್ರ ಬರ್ತೀನಿ, ರೆಡಿಯಾಗಿರು ಮಾರಾಯ" ಅನ್ನುತ್ತಾನೆ. ಒಳ್ಳೆಯ ಮನುಷ್ಯ. ಕಾರೂ ಒಳ್ಳೆಯದೇ. ಆದರೂ ನಾನು ಏನೋ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜವಾದ ಕಾರಣ ಹೇಳಿದರೆ ನಗುತ್ತಾನೆ ಅಂತ ಇವತ್ತಿನವರೆಗೂ ಹೇಳಿಲ್ಲ. ಕಾರಲ್ಲಿ ಹೋದರೆ ಮತ್ತೆ ಕಾರಿನ ಹತ್ತಿರವೇ ಬರಬೇಕು. ಅಷ್ಟೇ ಕಾರಣ.

ಯೋಚಿಸಿ ನೋಡಿ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಹೊರಟವನು ಗೂಟಕ್ಕೆ ಕಟ್ಟಿದ ಹಸು ಇದ್ದ ಹಾಗೆ. ಹಗ್ಗ ಉದ್ದ ಇರಬಹುದು, ಹುಲ್ಲೂ ಹಸಿರಾಗಿರಬಹುದು. ಆದರೆ ಎಷ್ಟು ಸುತ್ತಿದರೂ ಸಂಜೆಗೆ ಗೂಟದ ಹತ್ತಿರವೇ ಬರಬೇಕು. ನೆತ್ತಿ ಮೇಲೆ ನಿಂತಾಗ ಆಚೆ ಬದಿಯ ಕಣಿವೆ ಕಾಣಿಸುತ್ತದೆ. ಅಲ್ಲಿಗಿಳಿಯುವ ಕಾಲುದಾರಿ ಒಂದು ಪೊದೆಯ ಹಿಂದೆ ಮರೆಯಾಗಿ, ಇನ್ನೊಂದು ಬಂಡೆಯ ಪಕ್ಕ ಎದ್ದು, "ಬರ್ತೀಯಾ?" ಅಂತ ಕೇಳುತ್ತದೆ. ಕಾರಿನವನು ಅದರ ಫೋಟೋ ತೆಗೆದು, ಬಂದ ದಾರಿಗೇ ತಿರುಗುತ್ತಾನೆ. ಬಸ್ಸಿನಲ್ಲಿ ಬಂದವನು ಇಳಿದೇಬಿಡುತ್ತಾನೆ. ಅವನಿಗಾಗಿ ಹಿಂದೆ ಏನೂ ಕಾದು ನಿಂತಿಲ್ಲ. ಕಣಿವೆಯಾಚೆ ಒಂದು ಟಾರು ರಸ್ತೆ, ರಸ್ತೆ ಪಕ್ಕ ಬಸ್ಸು ನಿಲ್ಲುವ ಒಂದು ಕಂಬ ಇದ್ದರೆ ಆಯಿತು.

ಈ ಸುಖವನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಜಾಗಗಳಿವೆ. ವೇಲ್ಸ್‌ನ ಸ್ನೋಡನ್ ಬೆಟ್ಟ 1,085 ಮೀಟರ್ ಎತ್ತರ. ಅದನ್ನು ಹತ್ತಲು ಮುಖ್ಯವಾದ ದಾರಿಗಳು 6. ಶೆರ್ಪಾ ಅನ್ನುವ ಹೆಸರಿನ ಬಸ್ಸುಗಳು ಬೆಟ್ಟದ ಬುಡದಲ್ಲಿ ಓಡಾಡಿ ಈ ದಾರಿಗಳನ್ನೆಲ್ಲ ಒಂದಕ್ಕೊಂದು ಜೋಡಿಸುತ್ತವೆ. ಒಂದು ದಾರೀಲಿ ಹತ್ತಿ, ಮನಸ್ಸು ಬಂದ ಇನ್ನೊಂದು ದಾರೀಲಿ ಇಳಿಯಬಹುದು. ಸಾಮಾನು ಹೊರದೆ, ಬರೀ ಜನರನ್ನು ಹೊತ್ತು ತಿರುಗುವ ಶೆರ್ಪಾ! ಹೆಸರಿಟ್ಟವರು ಯಾರೋ, ರಸಿಕರು. ಹಾಂಗ್‌ಕಾಂಗ್ ಅಂದರೆ ನಮ್ಮ ಕಣ್ಣಿಗೆ ಬರೀ ಗಗನಚುಂಬಿಗಳು ಬರುತ್ತವೆ, ಅಲ್ವಾ? ಅಲ್ಲಿ 9ನೇ ನಂಬರಿನ ಬಸ್ಸು ಹತ್ತಿ, ರಸ್ತೆ ಪಕ್ಕದ ಒಂದು ಸ್ಟಾಪಿನಲ್ಲಿ ಇಳಿದರೆ ಡ್ರ್ಯಾಗನ್ಸ್ ಬ್ಯಾಕ್ ಅನ್ನುವ ಗುಡ್ಡದ ಸಾಲು ಸಿಗುತ್ತದೆ. ಡ್ರ್ಯಾಗನ್ನಿನ ಬೆನ್ನಿನ ಹಾಗೆ ಏರಿಳಿಯುವ ಆ ದಾರಿ ಕೊನೆಗೆ ಒಯ್ದು ಬಿಡುವುದು ಸಮುದ್ರದ ಮರಳಿಗೆ. ಹತ್ತಿದ್ದು ರಸ್ತೆಯಿಂದ, ಇಳಿದದ್ದು ಅಲೆಗಳ ಹತ್ತಿರ. ಕಾರು ತಂದವನು ಕಡಲಿಗೆ ಬೆನ್ನು ಹಾಕಿ ಮತ್ತೆ ಗುಡ್ಡ ಹತ್ತಬೇಕು, ಪಾಪ.

ಇನ್ನು ಬಸ್ಸಿನೊಳಗಿನ ಮಾತು. ಬೆಳಗಿನ ಮೊದಲ ಬಸ್ಸಲ್ಲಿ ನಡೆಯೋಕೆ ಹೊರಟವನಷ್ಟು ವಿಚಿತ್ರ ಪ್ರಾಣಿ ಬೇರೆ ಇಲ್ಲ. ಉಳಿದವರೆಲ್ಲ ಕೆಲಸಕ್ಕೆ ಹೊರಟವರು, ಓದೋಕೆ ಹೊರಟವರು, ಆಸ್ಪತ್ರೆಗೆ ಹೊರಟವರು. ದಪ್ಪ ಅಟ್ಟೆಯ ಬೂಟು ಹಾಕಿ, ತೊಡೆ ಮೇಲೆ ಚೀಲ ಇಟ್ಟುಕೊಂಡು, ಏನೂ ಕೆಲಸವಿಲ್ಲದ ಕಡೆಗೆ ದುಡ್ಡು ಕೊಟ್ಟು ಹೋಗುತ್ತಿರುವವನು ನಾನೊಬ್ಬನೇ. ಇಳಿಯುವ ಜಾಗ ಹೇಳಿದರೆ ಡ್ರೈವರು ಕನ್ನಡಿಯಲ್ಲಿ ಒಂದು ಸಲ ನೋಡುತ್ತಾರೆ. "ಅಲ್ಲೇನಿದೆ? ಅಲ್ಲಿ ಯಾರೂ ಇಳಿಯಲ್ಲ." ಏನಿಲ್ಲ ಸರ್, ಅದಕ್ಕೇ ಇಳಿಯೋದು ಅಂತ ಹೇಳಬೇಕು ಅನ್ನಿಸುತ್ತದೆ. ಹೇಳುವುದಿಲ್ಲ. ಬಸ್ಸು ನನ್ನನ್ನು ಇಳಿಸಿ, ಬಾಗಿಲು ಮುಚ್ಚಿ, ಹೊಗೆ ಬಿಟ್ಟು ತಿರುವಿನಲ್ಲಿ ಮಾಯವಾದಾಗ ಒಂದು ಬಗೆಯ ಮೌನ ಬಂದು ಕಿವಿ ಮೇಲೆ ಕೂರುತ್ತದೆ. ಕಾರು ನಿಲ್ಲಿಸಿದಾಗ ಈ ಮೌನ ಸಿಗುವುದಿಲ್ಲ. ಕಾರು ಅಲ್ಲೇ ಇರುತ್ತದಲ್ಲ, ಬಿಸಿ ಇಂಜಿನ್ನಿನ ಟಿಕ್ ಟಿಕ್ ಸದ್ದು ಮಾಡುತ್ತ.

ಹಾಗಂತ ಬಸ್ಸಿನವನಿಗೆ ಹಗ್ಗವೇ ಇಲ್ಲ ಅಂತಲ್ಲ. ಇದೆ. ಅದರ ಹೆಸರು ಕೊನೇ ಬಸ್ಸು. ಕಾರಿನ ಹಗ್ಗ ಜಾಗಕ್ಕೆ ಕಟ್ಟಿದ್ದು, ಈ ಹಗ್ಗ ಗಡಿಯಾರಕ್ಕೆ ಕಟ್ಟಿದ್ದು. ಹಾಗಾಗಿ ಬಸ್ಸಿನ ಚಾರಣಿಗರೆಲ್ಲ ಒಳಗೊಳಗೇ ಲೆಕ್ಕದ ಮೇಷ್ಟ್ರುಗಳು. ನಮಗೆ ದೊಡ್ಡ ಉಪಕಾರ ಮಾಡಿದವರು ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಅನ್ನುವ ಪರ್ವತಾರೋಹಿ. 1892ರಲ್ಲಿ ಅವರು ಒಂದು ಸರಳ ಲೆಕ್ಕ ಕೊಟ್ಟರು. 3 ಮೈಲಿ ನಡೆಯಲು ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನವರು ಅದನ್ನು 5 ಕಿ.ಮೀ. ಮತ್ತು 600 ಮೀಟರ್ ಅಂತ ಮಾಡಿಕೊಂಡಿದ್ದಾರೆ. 15 ಕಿ.ಮೀ. ದಾರಿ, 600 ಮೀಟರ್ ಏರು ಅಂದರೆ 4 ಗಂಟೆ. ಕೂತದ್ದು, ನಿಂತದ್ದು, ಲೇಸು ಕಟ್ಟಿಕೊಂಡದ್ದು, "ಆ ಹಕ್ಕಿ ಯಾವುದು?" ಅಂತ ವಾದ ಮಾಡಿದ್ದು ಇದರಲ್ಲಿ ಸೇರಿಲ್ಲ. ನಾನು ಅದಕ್ಕೆ ಒಂದೂವರೆ ಗಂಟೆ ಸೇರಿಸುತ್ತೇನೆ. ಜೊತೆಗೆ ಹಕ್ಕಿ ಹುಚ್ಚಿನವರಿದ್ದರೆ ಎರಡೂವರೆ.

ಸ್ವಿಟ್ಜರ್‌ಲೆಂಡಿನವರು ಈ ಲೆಕ್ಕವನ್ನೂ ನಮ್ಮ ತಲೆಗೆ ಬಿಟ್ಟಿಲ್ಲ. ಅಲ್ಲಿ ಸುಮಾರು 65,000 ಕಿ.ಮೀ. ಗುರುತು ಮಾಡಿದ ಕಾಲುದಾರಿಗಳಿವೆ. ಕವಲುಗಳಲ್ಲಿ ಹಳದಿ ಕೈಮರಗಳು. ಅವುಗಳ ಮೇಲೆ ಬರೆದಿರುವುದು ಎಷ್ಟು ದೂರ ಅಂತಲ್ಲ, ಎಷ್ಟು ಹೊತ್ತು ಅಂತ. ಊರಿನ ಹೆಸರಿನ ಪಕ್ಕ ಒಂದು ಪುಟ್ಟ ಬಸ್ಸಿನ ಚಿತ್ರ ಇದ್ದರೆ ಅಲ್ಲಿ ಬಸ್ಸು ಸಿಗುತ್ತದೆ ಅಂತ ಅರ್ಥ. ಕಾಲು ಸೋತ ಸಂಜೆ ಆ ಪುಟ್ಟ ಚಿತ್ರವನ್ನು ಕಂಡವನಿಗೆ ಕೈಮುಗಿಯುವ ಹಾಗಾಗುತ್ತದೆ. ಜೆಕ್ ನಾಡಿನವರದು ಇನ್ನೊಂದು ಬಗೆ. ಅಲ್ಲಿನ ಚಾರಣಿಗರ ಸಂಘ ಶುರುವಾದದ್ದು 1888ರಲ್ಲಿ. ಮರುವರ್ಷವೇ ಮೊದಲ ದಾರಿಗೆ ಗುರುತು ಹಾಕಿದರು. ಮರದ ಮೇಲೆ ಮೂರು ಪಟ್ಟೆ, ಮೇಲೆ ಕೆಳಗೆ ಬಿಳಿ, ನಡುವೆ ಕೆಂಪೋ ನೀಲಿಯೋ ಹಸಿರೋ ಹಳದಿಯೋ. ಮಬ್ಬುಗತ್ತಲಲ್ಲಿ ನಡುವಿನ ಬಣ್ಣ ಮಂಕಾದರೂ ಬಿಳಿ ಕಾಣುತ್ತದೆ. ಎಷ್ಟೋ ದಾರಿಗಳ ಗುರುತು ರೈಲು ನಿಲ್ದಾಣದಿಂದಲೋ ಬಸ್ ಸ್ಟಾಪಿನಿಂದಲೋ ಶುರುವಾಗುತ್ತದೆ. ಬಸ್ಸಿನಿಂದ ಇಳಿದು ತಲೆ ಎತ್ತಿದರೆ ದಾರಿ ಅಲ್ಲೇ ಕಾಯುತ್ತಿರುತ್ತದೆ.

ಆದರೆ ಎಲ್ಲ ಕಡೆಯೂ ಇಷ್ಟು ಮುದ್ದು ಮಾಡುವುದಿಲ್ಲ. ಹಳ್ಳಿ ದಾರಿಯ ಬಸ್ಸಿನ ಟೈಮ್ ಟೇಬಲ್ಲನ್ನು ಯಾರೂ ನಮಗೋಸ್ಕರ ಬರೆದಿರುವುದಿಲ್ಲ. ಅದು ಶಾಲೆ ಬಿಡುವ ಹೊತ್ತು, ಸಂತೆ ಮುಗಿಯುವ ಹೊತ್ತು ನೋಡಿ ಬರೆದದ್ದು. ನಮಗೆ ಬಿಡುವಿರುವ ಭಾನುವಾರ ಶಾಲೆಗೂ ರಜೆ, ಬಸ್ಸಿಗೂ ಅರ್ಧ ರಜೆ. ಇದನ್ನು ನಾನು ಕಲಿತದ್ದು ಒಂದು ಪುಟ್ಟ ನಕ್ಷತ್ರದಿಂದ.

ಸ್ಟಾಪಿನ ಕಂಬಕ್ಕೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಟೈಮ್ ಟೇಬಲ್ ಅಂಟಿಸಿದ್ದರು. ಒಳಗೆ ಮಳೆ ನೀರು ಹೊಕ್ಕು, ಮೂಲೆಯಲ್ಲಿ ಒಂದು ಇರುವೆ ಸತ್ತು, ಶಾಯಿ ಹರಡಿ ನೀಲಿ ಮೋಡದ ಹಾಗಾಗಿತ್ತು. 5.20ರ ಬಸ್ಸು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ತಲೆ ಮೇಲೆ ಒಂದು ನಕ್ಷತ್ರವೂ ಇತ್ತು. ನಾನದನ್ನು ಶಾಯಿಯ ಚುಕ್ಕೆ ಅಂದುಕೊಂಡೆ. 14 ಕಿ.ಮೀ. ನಡೆದು ಬಂದು, ಹತ್ತು ನಿಮಿಷ ಮೊದಲೇ ತಲುಪಿದೆ ಅಂತ ಬೆನ್ನು ತಟ್ಟಿಕೊಂಡು ಕೂತೆ. 5.20 ಆಯಿತು. 5.40 ಆಯಿತು. ದೂರದಲ್ಲಿ ಇಂಜಿನ್ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುವುದು, ಅದು ಲಾರಿಯಾಗಿ ಬಂದಾಗ ಸುಮ್ನೆ ಮೈ ಮುರಿಯಲು ಎದ್ದವನ ಹಾಗೆ ನಟಿಸುವುದು. ನೋಡೋಕೆ ಯಾರೂ ಇರಲಿಲ್ಲ, ಆದರೂ ನಟಿಸಿದೆ. ಕೊನೆಗೆ ನಾಯಿ ಜೊತೆ ಬಂದ ಅಜ್ಜ ಒಬ್ಬರು ನಿಂತು, ನನ್ನನ್ನೂ ಕಂಬವನ್ನೂ ನೋಡಿ, "ಶಾಲೆ ಇದ್ದ ದಿನ ಮಾತ್ರ ಬರೋದು ಅದು. ಇವತ್ತು ಭಾನುವಾರ ಅಲ್ವಾ?" ಅಂದರು. ಹೊದಿಕೆಯ ಕೆಳಗಿನ ತುದಿಯಲ್ಲಿ, ಸತ್ತ ಇರುವೆಯ ಪಕ್ಕ, ಅದನ್ನೇ ಬರೆದಿತ್ತು. ದೊಡ್ಡ ರಸ್ತೆಗೆ ಅಲ್ಲಿಂದ 7 ಕಿ.ಮೀ. ಗುಡ್ಡದ ಮೇಲೆ ದಿನವಿಡೀ ನೋಯದ ಕಾಲು ಟಾರಿನ ಮೇಲೆ ಒಂದೇ ಗಂಟೆಗೆ ಅಳತೊಡಗಿತು.

ಅವತ್ತಿನಿಂದ ದಿಕ್ಕು ಬದಲಿಸಿದ್ದೇನೆ. ಬಸ್ಸು ಅಪರೂಪವಾಗಿರುವ ತುದಿಗೆ ಬೆಳಿಗ್ಗೆಯೇ ಹೋಗಿ ಇಳಿಯುವುದು, ಬಸ್ಸು ಜಾಸ್ತಿ ಓಡಾಡುವ ರಸ್ತೆ ಕಡೆಗೆ ನಡೆಯುವುದು. ಆಗ ಒಂದು ತಪ್ಪಿದರೆ ಇನ್ನೊಂದು. ಎರಡು ಸ್ಟಾಪುಗಳಲ್ಲಿ ಒಂದು ಎತ್ತರದಲ್ಲಿದ್ದರೆ ಅಲ್ಲಿಂದಲೇ ಶುರು ಮಾಡುವುದು. ಅರ್ಧ ಗುಡ್ಡವನ್ನು ಬಸ್ಸೇ ಹತ್ತಿಕೊಡುತ್ತದೆ. ಇದು ಮೋಸ ಅನ್ನುವವರಿದ್ದಾರೆ. ಅವರು ಹತ್ತಲಿ, ನಾನು ಮೇಲೆ ಕಾಯುತ್ತೇನೆ.

ವಾಪಸ್ಸು ಬರುವಾಗಿನ ಬಸ್ಸು ಬೇರೆಯೇ. ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲುವ ಸ್ಟಾಪುಗಳಲ್ಲಿ ನಾನು ಕೈ ಹಿಡಿಯುವುದಿಲ್ಲ, ಇಡೀ ಮೈಯನ್ನೇ ರಸ್ತೆಗೆ ತೋರಿಸುತ್ತೇನೆ. ಒಳಗೆ ಹತ್ತಿದ ಕೂಡಲೇ ಸೀಟಿನ ಮೆತ್ತೆ ಸ್ವರ್ಗ. ಬೆಳಿಗ್ಗೆ ಇದೇ ಮೆತ್ತೆ ಗಟ್ಟಿ ಅಂತ ಗೊಣಗಿದ್ದೆ. ಕಿಟಕಿಯಾಚೆ ನಾನು ನಾಲ್ಕು ಗಂಟೆ ನಡೆದ ಗುಡ್ಡದ ಸಾಲು ಹದಿನೈದು ನಿಮಿಷದಲ್ಲಿ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಕೂತಿದ್ದು, ಅಲ್ಲಿ ಜಾರಿದ್ದು ಅಂತ ಬೆರಳು ಮಾಡಿ ತೋರಿಸಬೇಕು ಅನ್ನಿಸುತ್ತದೆ. ಪಕ್ಕದ ಸೀಟಿನವರು ನಿದ್ದೆ ಹೋಗಿರುತ್ತಾರೆ.

ಆಮೇಲೆ ಬೂಟು. ತೊರೆ ದಾಟುವಾಗ ಹಿಡಿದ ಕೆಸರು ಬಸ್ಸಿನ ಬಿಸಿಗೆ ಒಣಗುತ್ತದೆ. ಒಂದೊಂದು ಕುಲುಕಾಟಕ್ಕೂ ಅಟ್ಟೆಯ ಗೆರೆಗಳಿಂದ ಒಂದೊಂದು ತುಂಡು ಕಳಚಿ ಬೀಳುತ್ತದೆ, ಅಚ್ಚಿನಲ್ಲಿ ಒತ್ತಿ ತೆಗೆದ ಹಾಗೆ. ಯಾರಿಗೂ ಕಾಣದ ಹಾಗೆ ಕಾಲಿನಿಂದ ಅದನ್ನು ಸೀಟಿನ ಕೆಳಗೆ ತಳ್ಳುತ್ತೇನೆ. ನಾನು ನನ್ನ ಸ್ಟಾಪಿನಲ್ಲಿ ಇಳಿದ ಮೇಲೂ ಆ ಗುಡ್ಡದ ಮಣ್ಣು ಅಲ್ಲೇ ಕೂತು, ಟಿಕೆಟ್ಟಿಲ್ಲದೆ, ಡಿಪೋ ತನಕ ಹೋಗಿರಬೇಕು.