ಮೈಕ್ ಸಿಕ್ಕರೆ ನಾಲ್ಕು ನಿಮಿಷ ಸಾಕು

ಮದುವೆಯಲ್ಲಿ ಗೆಳೆಯರು ಮೈಕ್ ಹಿಡಿದು ಮದುಮಗನ ಬಗ್ಗೆ ಮಾತಾಡುವುದು ಸಿನಿಮಾ ನೋಡಿ ಕಲಿತ ಚಟ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಕುವೆಂಪು ಅವರು ರೂಪಿಸಿದ ಸರಳ ಮದುವೆ ಪದ್ಧತಿ ಮಂತ್ರ ಮಾಂಗಲ್ಯವನ್ನೇ ನೋಡಿ. ಪುರೋಹಿತರಿಲ್ಲ, ಮುಹೂರ್ತದ ಗಡಿಬಿಡಿಯಿಲ್ಲ. 1966ರಲ್ಲಿ ಅವರ ಮಗ ತೇಜಸ್ವಿ ಅವರ ಮದುವೆ ಆಗಿದ್ದೂ ಹಾಗೆಯೇ. ಪ್ರತಿಜ್ಞೆ ಓದಿ ಮುಗಿದ ಮೇಲೆ ಊಟದ ತನಕ ಸಮಯ ಇರುತ್ತದೆ. ಆಗ ಹತ್ತಿರದವರು ನಾಲ್ಕು ಮಾತಾಡಿದರೆ ಚೆಂದ ಅಲ್ವಾ?

ಅಂಥದ್ದೇ ಒಂದು ಮದುವೆಯಲ್ಲಿ ನಾನೂ ಮಾತಾಡಿದ್ದೆ. ಮದುಮಗ ಇಪ್ಪತ್ತು ವರ್ಷಗಳಿಂದ ನನ್ನ ಗೆಳೆಯ, ಹಾಸ್ಟೆಲ್‌ನಲ್ಲಿ ಒಂದೇ ರೂಮು. ವಿಚಿತ್ರ ಆಸಾಮಿ. ಕೆಟ್ಟ ರೇಡಿಯೊ ಎಲ್ಲಿ ಕಂಡರೂ ಹೊತ್ತು ತರುತ್ತಿದ್ದ. ಹನ್ನೊಂದು ತಂದ, ಒಂದೂ ಹಾಡಲಿಲ್ಲ. ನಾನು ಕುಡಿಸಿದ ಒಂದೊಂದು ಟೀಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಜನ ನಕ್ಕರು. ಆಮೇಲೆ ಇನ್ನೊಂದು ಹೇಳಿದೆ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಯಾರೂ ಕರೆಯದೆ ಬಂದು ಮೂರು ರಾತ್ರಿ ವರಾಂಡದಲ್ಲಿ ಮಲಗಿದ್ದ. ಜೊತೆಗೆ ಬಿಚ್ಚಿದ ಒಂದು ರೇಡಿಯೊ! ಅಮ್ಮನಿಗೆ ಬೇಜಾರಾಗಬಾರದು ಅಂತ ರಿಪೇರಿ ಮಾಡಲು ತಂದಿದ್ದನಂತೆ.

ಲೇಖಕರ ಒಂದು ಮಾತು ಮಾತ್ರ ಸರಿ. ಹಳೆಯ ಪ್ರೇಮ ಪ್ರಕರಣ, ಕುಡಿತದ ಕಥೆ ತೆಗೆಯುವವರ ಕೈಗೆ ಮೈಕ್ ಕೊಡಲೇಬಾರದು. ಬೇರೊಂದು ಆರತಕ್ಷತೆಯಲ್ಲಿ ಮದುಮಗಳ ಮುಖ ಬಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಂದಹಾಗೆ, ನಾನು ಕೆಳಗಿಳಿದ ಕೂಡಲೇ ಗೆಳೆಯ ಸುಮ್ನೆ ಕೈಕುಲುಕಲಿಲ್ಲ. ಅಂಗೈಗೆ 214 ರೂಪಾಯಿ ತುರುಕಿದ. ಟೀ ಬಾಕಿಯಂತೆ.