ಪದಬಂಧ ಸರಿ, ಕಿವಿಯ ಮಾತೆಲ್ಲಿ?

ವಯಸ್ಸಾದವರು ದಿನಾ ಪದಬಂಧ ಬಿಡಿಸಿದರೆ ಮರೆವು ಹತ್ತಿರ ಸುಳಿಯುವುದಿಲ್ಲ ಅಂತ ಮುಪ್ಪಿನ ಮರೆವಿನ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಅಷ್ಟು ಸುಲಭನಾ? 2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ಫಿಂಗರ್ ಅಧ್ಯಯನದಲ್ಲಿ 60ರಿಂದ 77 ವಯಸ್ಸಿನ 1,260 ಜನ ಇದ್ದರು. ಒಂದು ಗುಂಪಿಗೆ ಎರಡು ವರ್ಷ ಊಟದ ಸಲಹೆ, ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ ಮೇಲೆ ನಿಗಾ ಎಲ್ಲ ಒಟ್ಟಿಗೇ ಕೊಟ್ಟರು. ಮಿದುಳಿನ ಚುರುಕು ಅಳೆಯುವ ಪರೀಕ್ಷೆಗಳಲ್ಲಿ ಆ ಗುಂಪು ಉಳಿದವರಿಗಿಂತ ಸ್ವಲ್ಪ ಮುಂದಿತ್ತು. ಬರೀ ಪದಬಂಧದಿಂದ ಅಲ್ಲ.

ಲೇಖನ ಪೂರ್ತಿ ಮರೆತಿರುವುದು ಕಿವಿಯನ್ನು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ ಆದರೆ ನಾವು ತಿದ್ದಿಕೊಳ್ಳಬಹುದಾದ 14 ಅಂಶಗಳಲ್ಲಿ ಕಿವಿ ಮಂದವಾಗುವುದೂ ಒಂದು. ನಮ್ಮ ಅವ್ವನಿಗೆ 72. ವಾರದ ಭಜನೆ ತಪ್ಪಿಸದವಳು ಕಳೆದ ವರ್ಷ ಸುಮ್ನೆ ನಿಲ್ಲಿಸಿಬಿಟ್ಟಳು. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಹೇಳಿದ್ದೆಲ್ಲ ಮರೆಯುತ್ತಾಳೆ ಅಂತ ನಾವು ಗಾಬರಿಯಾದೆವು. ನೋಡಿದರೆ, ಹೇಳಿದ್ದು ಅವಳಿಗೆ ಕೇಳಿಸಿರಲೇ ಇಲ್ಲ! ಕಿವಿಗೆ ಮಷೀನು ಹಾಕಿಸಿದ ಮೇಲೆ ಮತ್ತೆ ಗುಂಪಿಗೆ ಸೇರಿದಳು. ಈಗ ಹೊಸ ವಚನ ಕಲಿತು ಬಂದು ನಮ್ಮ ತಪ್ಪು ತಿದ್ದುತ್ತಾಳೆ. (ಮಷೀನಿನ ಸಣ್ಣ ಸೆಲ್ ಕೈಜಾರಿದರೆ ಮಂಚದ ಕೆಳಗೆ ಹುಡುಕುವುದು ನನ್ನ ಪಾಲು.)

ಇನ್ನು ಆ ಲೇಖನದ ಮತ್ತೊಂದು ಸಲಹೆ, ದಿನಾ ಸಂಜೆ ಒಂದು ಗಂಟೆ ವಾಕಿಂಗ್ ಅಂತೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಆರಕ್ಕೂ ರಸ್ತೆ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ನಸುಕಿನಲ್ಲೇ ಅಪ್ಪನ ಕೆರೆ ಕಡೆ ಹೋಗಿ ಬಂದರೆ ಸರಿ, ಇಲ್ಲವಾದರೆ ಮನೆಯೊಳಗೇ ಸುತ್ತಬೇಕು. ಇಂಥ ಊರಿನವರಿಗೂ ಎರಡು ಸಾಲು ಬರೆಯಬಹುದಿತ್ತು, ಅಲ್ವಾ?